ಅವ್ವನ ಚಪ್ಪಲಿ ನಂಬರ್

ಅವ್ವನಿಗೆ ಸೀರೆ ಆರಿಸುವುದು ನಮ್ಮ ಮನೆಯಲ್ಲಿ ಯಾರಿಗೂ ಕಷ್ಟದ ಕೆಲಸವಲ್ಲ. ಸಂಕ್ರಾಂತಿಗೆ ಕರಿದು, ಯುಗಾದಿಗೆ ಎಲೆ ಹಸಿರು, ಶ್ರಾವಣದಲ್ಲಿ ತುಪ್ಪದ ಬಣ್ಣ, ದಸರೆಗೆ ಕೆಂಪು, ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗುವಾಗ ಗಿಣಿ ಹಸಿರಿನ ಇಳಕಲ್ ಸೀರೆ. ನನ್ನ ಇಬ್ಬರು ಅಣ್ಣಂದಿರಿಗೂ ಇದು ಬಾಯಿಪಾಠ. ತಮ್ಮ ಹೆಂಡಂದಿರ ಹುಟ್ಟಿದ ದಿನ ಮರೆಯುವ ಈ ಮಹಾನುಭಾವರು ಅಂಗಡಿಯಲ್ಲಿ ನಿಂತು, "ಇದು ನಡಿಯಂಗಿಲ್ರೀ, ನಮ್ಮವ್ವಗ ಇಷ್ಟು ತಿಳಿ ಬಣ್ಣ ಸೇರಂಗಿಲ್ಲ" ಎಂದು ಗಟ್ಟಿಯಾಗಿ ಹೇಳಬಲ್ಲರು. ಅವ್ವನ ಬಣ್ಣಗಳು ನಮಗೆ ಅಷ್ಟು ಗೊತ್ತು.

ಅವಳ ಕಾಲಿನ ಅಳತೆ ಮಾತ್ರ ನಮಗೆ ಮೂವರಿಗೂ ಗೊತ್ತಿರಲಿಲ್ಲ. ಅದು ಗೊತ್ತಾದದ್ದು ಎರಡು ವರ್ಷದ ಹಿಂದೆ, ಸಂಕ್ರಾಂತಿಯ ದಿನ, ಧಾರವಾಡದಲ್ಲಿ.

ರಜೆ ಹಾಕಿ ನಾನು ಬೆಂಗಳೂರಿನಿಂದ ಬಂದಿದ್ದೆ. ಅವ್ವ ಬೆಳಿಗ್ಗೆಯೇ ಕರಿ ಸೀರೆ ಉಟ್ಟು, ತಾನೇ ಆರಿಸಿ ತರಬೇಕೆಂದು ಕಬ್ಬು, ಬಾರಿಕಾಯಿ ತರಲು ಪೇಟೆಗೆ ಹೋಗಿದ್ದಳು. ಬಂದವಳೇ ಹವಾಯಿ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ನಡೆದಳು. ಹಿಂದೆಯೇ ಬಂದ ಅಣ್ಣನ ಮಗಳು, "ಅಜ್ಜಿ ಕುಂಕುಮ ತುಳದ ಬಂದಾಳ" ಎಂದಳು. ಶಹಾಬಾದಿ ಹಾಸುಗಲ್ಲಿನ ಮೇಲೆ ಬಾಗಿಲಿನಿಂದ ಅಡುಗೆಮನೆಯವರೆಗೆ ಒಂದು ಬಿಟ್ಟು ಒಂದರಂತೆ ಕೆಂಪು ಹೆಜ್ಜೆಗಳು ಮೂಡಿದ್ದವು. ಕುಂಕುಮವಲ್ಲ, ರಕ್ತ. ಹೊರಗೆ ಹೋಗಿ ಚಪ್ಪಲಿ ತಿರುವಿ ನೋಡಿದೆ. ಹಿಮ್ಮಡಿಯ ಕಡೆ ಕಾಗದದಷ್ಟು ತೆಳುವಾದ ಅಟ್ಟೆಯಲ್ಲಿ ಒಂದು ಮೊಳೆ ತಲೆಯವರೆಗೂ ಇಳಿದು ಕೂತಿತ್ತು. ಎಲ್ಲಿ ಚುಚ್ಚಿತು ಎಂದು ಕೇಳಿದರೆ ಅವ್ವನಿಗೆ ಗೊತ್ತೇ ಇಲ್ಲ. "ಏನೋ ಚುರ್ ಅಂದಂಗಾತು ನೋಡವಾ, ಹರಳಿರಬೇಕು ಅಂದ್ಕೊಂಡೆ" ಎಂದಳು. ಆ ಮೊಳೆಯ ಮೇಲೆ ಅವಳು ಪೇಟೆಯಿಂದ ಮನೆಯವರೆಗೆ ನಡೆದು ಬಂದಿದ್ದಳು.

ಮರುದಿನ ಡಾಕ್ಟರರು ಗಾಯ ನೋಡಿ, ಹದಿನೈದು ವರ್ಷದಿಂದ ಇರುವ ಸಕ್ಕರೆ ಕಾಯಿಲೆಯ ಲೆಕ್ಕ ಕೇಳಿ, ಒಂದು ಸಣ್ಣ ನೈಲಾನ್ ಎಳೆ ಹಿಡಿದುಕೊಂಡರು. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಎಳೆ ಅದು. ಕಣ್ಣು ಮುಚ್ಚಿಸಿ, ಅಂಗಾಲಿನ ಅಲ್ಲಲ್ಲಿ ಅದನ್ನು ಒತ್ತಿ, ಮುಟ್ಟಿದ್ದು ತಿಳಿದರೆ ಹೇಳಿ ಎಂದರು. ಅವರು ಹೆಬ್ಬೆರಳಿನ ಬುಡಕ್ಕೆ ಒತ್ತಿದರು, ಅವ್ವ ಸುಮ್ಮನಿದ್ದಳು. ಹಿಮ್ಮಡಿಗೆ ಒತ್ತಿದರು, ಆಗಲೂ ಸುಮ್ಮನಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಮುಚ್ಚಿಕೊಂಡೇ, "ಯಾವಾಗ ಚಾಲೂ ಮಾಡ್ತೀರಿ ಡಾಕ್ಟರ್?" ಎಂದು ಕೇಳಿದಳು. ಅಣ್ಣ ಮುಖ ಆಚೆ ತಿರುಗಿಸಿದ.

"ಇವರಿಗೆ ಹವಾಯಿ ಚಪ್ಪಲಿ ಇನ್ನು ಬೇಡ. ಮೆತ್ತನೆಯ ಎಂಸಿಆರ್ ಅಟ್ಟೆಯದು, ಹಿಂದೆ ಬೆಲ್ಟ್ ಇರುವಂಥದ್ದು ತನ್ನಿ. ಮನೆಯೊಳಗೂ ಹಾಕಿಕೊಳ್ಳಲಿ. ನಂಬರ್ ಎಷ್ಟು?" ಎಂದರು ಡಾಕ್ಟರ್.

ನಾನು ದೊಡ್ಡಣ್ಣನ ಮುಖ ನೋಡಿದೆ. ಅವನು ಸಣ್ಣವನ ಮುಖ ನೋಡಿದ. ಅವ್ವನೇ ನಮ್ಮನ್ನು ಪಾರು ಮಾಡಿದಳು: "ನಂದೇನ್ ನಂಬರ್ರಿ? ಹಾಕ್ಕೊಂಡದ್ದ ನಂಬರ್."

ಅದು ತಮಾಷೆಯ ಮಾತಾಗಿರಲಿಲ್ಲ. ಮನೆಗೆ ಬಂದು ಆ ಹವಾಯಿ ಚಪ್ಪಲಿಯ ಅಟ್ಟೆ ಉಜ್ಜಿ ನೋಡಿದರೆ ಅರ್ಧ ಅಳಿಸಿದ ಅಂಕಿ ಕಾಣಿಸಿತು: 7. ಅದು ದೊಡ್ಡಣ್ಣನ ಮಗನದ್ದು. ಅವನ ಕಾಲು ಎಂಟಕ್ಕೆ ಏರಿದಾಗ ಇದು ಅವ್ವನ ಪಾಲಿಗೆ ಬಂದಿತ್ತು. ಅದಕ್ಕಿಂತ ಮೊದಲು ಅವಳ ಕಾಲಲ್ಲಿದ್ದದ್ದು ಅಪ್ಪನ ಹಳೆಯದು, ಅದಕ್ಕೂ ಮೊದಲು ನಾವು ಮೂವರೂ ಬೆಳೆಯುತ್ತ ಬಿಟ್ಟವು. ನೆನಪಿನ ಸಂದೂಕ ತಡಕಾಡಿದರೂ ಅವ್ವ ಅಂಗಡಿಯ ಬೆಂಚಿನ ಮೇಲೆ ಕೂತು ತನಗೆಂದು ಚಪ್ಪಲಿ ಹಾಕಿ ನೋಡಿದ ಒಂದು ಚಿತ್ರ ಸಿಗಲಿಲ್ಲ.

ಹಾಗೆಂದು ಅವ್ವನಿಗೆ ಅಲಂಕಾರದ ಹಂಬಲ ಇರಲಿಲ್ಲವೆಂದು ತಿಳಿಯಬೇಡಿ. ನನಗೆ ಗೊತ್ತಿರುವ ಹೆಂಗಸರಲ್ಲಿ ಅವಳಷ್ಟು ಬಣ್ಣದ ಹುಚ್ಚಿನವರು ಕಡಿಮೆ. ಅಪ್ಪ ಕನ್ನಡ ಶಾಲೆಯ ಮಾಸ್ತರರು. ವರ್ಗವಾದಲ್ಲೆಲ್ಲ ಬಾಡಿಗೆ ಮನೆ, ಅಳೆದು ಸುರಿದ ಸಂಬಳ. ಆದರೂ ವರ್ಷಕ್ಕೊಮ್ಮೆ ಇಳಕಲ್ಲಿನಿಂದ ಸೀರೆ ಹೊತ್ತು ಬರುವ ವ್ಯಾಪಾರಿಯ ಗಂಟು ನಮ್ಮ ಪಡಸಾಲೆಯಲ್ಲಿ ಬಿಚ್ಚಲೇಬೇಕು. ದಡಿ ಗೋಮಿಯೋ ಚಿಕ್ಕಿ ಪರಾಸೋ, ಸೆರಗಿನ ಟೋಪು ತೆನಿ ಸರಿಯಾಗಿದೆಯೋ, ಒಡಲಿಗೂ ಸೆರಗಿಗೂ ಕೊಂಡಿ ಗಟ್ಟಿಯಾಗಿ ಕೂತಿದೆಯೋ ಎಂದು ಬೆರಳಿನಿಂದ ಸವರಿ ನೋಡುತ್ತಿದ್ದಳು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕುಣಿಕೆ ಹಾಕಿ ಮಗ್ಗದ ಮೇಲೆಯೇ ಜೋಡಿಸುತ್ತಾರೆ. ಆ ಜೋಡಣೆಯೇ ಕೊಂಡಿ. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಅವ್ವನ ಬೆರಳಿನಿಂದ. ಸೀರೆಗೊಪ್ಪುವ ಗುಳೇದಗುಡ್ಡದ ಖಣ ಅವಳ ಪೆಟ್ಟಿಗೆಯಲ್ಲಿ ಯಾವಾಗಲೂ ಒಂದೆರಡು ಇರುತ್ತಿದ್ದವು.

ಅವ್ವನ ಬಾಯಲ್ಲಿ ಬಣ್ಣಗಳ ಹೆಸರು ಕೇಳುವುದೇ ಒಂದು ಸುಖ. ಉಳ್ಳಾಗಡ್ಡಿ ಸಿಪ್ಪಿ ಬಣ್ಣ, ಬದನಿಕಾಯಿ ಬಣ್ಣ, ಇಟ್ಟಂಗಿ ಬಣ್ಣ, ನವಿಲ ಕುತ್ತಿಗಿ ಬಣ್ಣ. ಅವಳ ಬಣ್ಣದ ಪಟ್ಟಿ ತಯಾರಾದದ್ದು ಅಡುಗೆಮನೆ ಮತ್ತು ಹೊಲದ ನಡುವೆ. ಪ್ಯಾಂಟೋನ್ ಎಂಬ ಅಮೆರಿಕದ ಸಂಸ್ಥೆ 2000ದಿಂದ ಈಚೆಗೆ ವರ್ಷಕ್ಕೊಂದು ಬಣ್ಣ ಆರಿಸಿ ಜಗತ್ತಿಗೆಲ್ಲ ಸಾರುತ್ತದೆ. 2024ಕ್ಕೆ ಪೀಚ್ ಫಜ್, 2025ಕ್ಕೆ ಮೋಕಾ ಮೂಸ್. ಈ ಮೋಕಾ ಮೂಸನ್ನು ಫೋನಿನಲ್ಲಿ ತೋರಿಸಿದಾಗ ಅವ್ವ ಕನ್ನಡಕ ಏರಿಸಿ ನೋಡಿ, "ಇದು ನಿನ್ನಿ ಚಾ ಬಣ್ಣ" ಎಂದು ತೀರ್ಪು ಕೊಟ್ಟಳು.

ಅವಳ ಋತುಗಳ ಲೆಕ್ಕದಲ್ಲಿ ಚೆಂದದ ಜೊತೆ ಉಪಯೋಗವೂ ಇತ್ತು. ಬಿಸಿಲುಗಾಲದಲ್ಲಿ ತಿಳಿ ಬಣ್ಣದ ಹತ್ತಿ, ಯಾಕೆಂದರೆ ಕಡು ಬಣ್ಣ ಬಿಸಿಲನ್ನು ಹೀರುತ್ತದೆ. ಚಳಿಯ ಸಂಕ್ರಾಂತಿಗೆ ಕರಿದು, ಅದೇ ಕಾರಣಕ್ಕೆ. ಬೇರೆ ಹಬ್ಬಗಳಿಗೆ ಒಲ್ಲೆನ್ನುವ ಕರಿ ಬಣ್ಣ ನಮ್ಮ ಕಡೆ ಆ ಒಂದು ದಿನ ಒಳ್ಳೆಯದಾಗುತ್ತದೆ. ಮಳೆಗಾಲಕ್ಕೆ ಇಟ್ಟಂಗಿ ಬಣ್ಣ, ಚಾಕಲೇಟ್ ಬಣ್ಣ. ಯರಿ ಮಣ್ಣಿನ ಕೆಸರು ಸಿಡಿದರೂ ಎದ್ದು ಕಾಣುವುದಿಲ್ಲ. ಈಗ ಫ್ಯಾಷನ್ ಪುಟಗಳಲ್ಲಿ ಋತುವಿಗೆ ತಕ್ಕ ಬಣ್ಣಗಳೆಂದು ಓದುವಾಗ, ಇದರಲ್ಲಿ ಅರ್ಧ ಅವ್ವನಿಗೆ ಆಗಲೇ ಗೊತ್ತಿತ್ತಲ್ಲ ಎನಿಸುತ್ತದೆ.

ಈ ಎಲ್ಲ ಜಾಣತನ ಸೀರೆಯ ದಡಿಯವರೆಗೆ ಬಂದು ನಿಂತುಬಿಡುತ್ತಿತ್ತು. ದಡಿಯ ಕೆಳಗೆ ಇದ್ದದ್ದು ಬೇರೆಯವರು ಬಿಟ್ಟ ಚಪ್ಪಲಿ. ಅದೂ ಯಾವಾಗಲೂ ಇರುತ್ತಿರಲಿಲ್ಲ. ಊರಲ್ಲಿ ಹಿರಿಯರು ಕಟ್ಟೆಯ ಮೇಲೆ ಕೂತಿದ್ದರೆ ಸೊಸೆಯಂದಿರು ಚಪ್ಪಲಿ ಕೈಯಲ್ಲಿ ಹಿಡಿದು ದಾಟಬೇಕಿತ್ತು. ಮಳೆಯಾದರೆ ಯರಿ ಹೊಲದ ಅಂಟು ಮಣ್ಣು ಮಣಭಾರವಾಗಿ ಹತ್ತಿಕೊಳ್ಳುವುದರಿಂದ ಆಗಲೂ ಕೈಗೇ. ಹಾಕಿಕೊಂಡದ್ದಕ್ಕಿಂತ ಹಿಡಿದುಕೊಂಡು ನಡೆದದ್ದೇ ಹೆಚ್ಚೆಂದು ಅವ್ವ ನಗುತ್ತಾಳೆ. ಚಪ್ಪಲಿ ಮೆಟ್ಟಿ ಮೇಲಿನ ಓಣಿಯಲ್ಲಿ ನಡೆಯುವುದೇ ಅಪರಾಧವೆಂದು ಜಾತಿಯ ಹೆಸರಿನಲ್ಲಿ ತಡೆಸಿಕೊಂಡವರ ನೋವು ಇದಕ್ಕಿಂತ ಬಹಳ ದೊಡ್ಡದು. ಅದರ ಮುಂದೆ ಅವ್ವನದು ಸಣ್ಣ ಕತೆ. ಆದರೆ ಯಾರು ಏನನ್ನು ಮೆಟ್ಟಬೇಕು ಎಂಬುದನ್ನು ಆ ಕಾಲಿನವರಲ್ಲದೆ ಬೇರೆಯವರೇ ಗೊತ್ತು ಮಾಡುತ್ತಿದ್ದರು ಎಂಬುದು ಎರಡು ಕಡೆಯೂ ನಿಜ.

ಚಪ್ಪಲಿಯ ಮಾತು ಬಂದರೆ ಕನ್ನಡಿಗರಿಗೆ ಹರಳಯ್ಯ ನೆನಪಾಗದೆ ಇರುವುದಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆ ಶರಣ ಮತ್ತು ಅವನ ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿಕೊಟ್ಟರೆಂದೂ, ಬಸವಣ್ಣ ಅದನ್ನು ಕಾಲಿಗೆ ಹಾಕದೆ ತಲೆಯ ಮೇಲೆ ಹೊತ್ತರೆಂದೂ ಕತೆ. ಅಪ್ಪ ಇದನ್ನು ಹೇಳುವಾಗ ಪ್ರತಿ ಸಲವೂ ಅವರ ದನಿ ಗದ್ಗದವಾಗುತ್ತಿತ್ತು. ನನಗೂ ಅದು ಪ್ರೀತಿಯ ಕತೆಯೇ. ಆದರೆ ಆ ಸಂಕ್ರಾಂತಿಯ ರಾತ್ರಿ, ಅವ್ವನ ಪಟ್ಟಿ ಕಟ್ಟಿದ ಕಾಲನ್ನು ದಿಂಬಿನ ಮೇಲಿಟ್ಟು ಕೂತಿದ್ದಾಗ, ಹಿಂದೆಂದೂ ಬಾರದ ಪ್ರಶ್ನೆಯೊಂದು ಬಂತು. ಕಲ್ಯಾಣಮ್ಮನ ಸ್ವಂತ ಕಾಲಲ್ಲಿ ಏನಿತ್ತು? ಊರಿಗೆಲ್ಲ ಮೆಟ್ಟು ಹೊಲಿದ ಮನೆಯ ಹೆಣ್ಣುಮಗಳಿಗೆ ತನ್ನ ಅಳತೆಯದೊಂದು ಜೊತೆ ಇತ್ತೇ? ಕತೆ ಅದನ್ನು ಹೇಳುವುದಿಲ್ಲ.

ಅವ್ವನನ್ನು ನೋಡಿ ಮರುಗುವ ನಾನೇನು ದೊಡ್ಡ ಜಾಣೆ? ನನ್ನ ಹಿಮ್ಮಡಿಯ ಪುರಾಣವೂ ಇಲ್ಲಿ ಹೇಳಬೇಕು.

ಕಾಲೇಜಿನಲ್ಲಿ ಪಾಠ ಮಾಡಲು ಸೇರಿದಾಗ ನನಗೆ ಇಪ್ಪತ್ತಾರು. ಎತ್ತರ ಐದಡಿಗೆ ಒಂದಿಂಚು ಕಡಿಮೆ. ಮೊದಲ ವಾರ ಸ್ಟಾಫ್ ರೂಮಿನ ಬಾಗಿಲಲ್ಲಿ ಹಿರಿಯ ಅಧ್ಯಾಪಕರೊಬ್ಬರು ನನ್ನನ್ನು ವಿದ್ಯಾರ್ಥಿನಿಯೆಂದು ತಿಳಿದು ಹೊರಗೆ ನಿಲ್ಲಲು ಹೇಳಿದರು. ಆ ಸಂಜೆಯೇ ಹೋಗಿ ಎರಡೂವರೆ ಇಂಚಿನ ಹೀಲ್ಸ್ ಕೊಂಡೆ. ಆಮೇಲೆ ಹನ್ನೆರಡು ವರ್ಷ ಅದರ ಮೇಲೆಯೇ ನಿಂತು ಪಾಠ ಹೇಳಿದೆ. ಸೀರೆಗೆ ತಕ್ಕಂತೆ ಕರಿದು, ಕಂದು, ಚಿನ್ನದ ಬಣ್ಣದ್ದು, ಒಮ್ಮೆ ಮೋಹಕ್ಕೆ ಬಿದ್ದು ನವಿಲ ನೀಲಿಯದ್ದು. ಮುಂದೆ ಚೂಪಾಗಿದ್ದ ಆ ನವಿಲ ನೀಲಿಯೊಳಗೆ ನನ್ನ ಐದು ಬೆರಳುಗಳು ಸಿಟಿ ಬಸ್ಸಿನ ಪ್ರಯಾಣಿಕರಂತೆ ಒಂದರ ಮೇಲೊಂದು ಒರಗಿ ನಿಲ್ಲುತ್ತಿದ್ದವು. ಹೊರಗಿನಿಂದ ನೋಡಿದವರು "ಮೇಡಂ, ಸೂಪರ್ ಮ್ಯಾಚಿಂಗ್" ಎನ್ನುತ್ತಿದ್ದರು. ಮ್ಯಾಚ್ ಆಗಿದ್ದದ್ದು ಸೀರೆಗೆ, ಕಾಲಿಗಲ್ಲ.

ಮೂವತ್ತೆಂಟಕ್ಕೆ ಬೆಳಗಿನ ಮೊದಲ ಹೆಜ್ಜೆ ನೆಲಕ್ಕೆ ಊರಿದರೆ ಹಿಮ್ಮಡಿಗೆ ಕಾದ ಕಬ್ಬಿಣ ಇಟ್ಟಂತಾಗತೊಡಗಿತು. ಪ್ಲಾಂಟರ್ ಫೇಸಿಯೈಟಿಸ್ ಎಂದರು ಡಾಕ್ಟರ್. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಹಗ್ಗದಂತೆ ಹಬ್ಬಿರುವ ಪದರಕ್ಕೆ ಪೆಟ್ಟಾದಾಗ ಬರುವ ನೋವು. ನಾನು ತಕ್ಷಣ ಜಾಣೆಯಾಗಿ ಹೀಲ್ಸ್ ಎಸೆದು ಚಪ್ಪಟೆ ಕೊಲ್ಹಾಪುರಿ ಹಾಕಿಕೊಂಡೆ. ನೋವು ಇನ್ನೂ ಹೆಚ್ಚಿತು. ಪೂರ್ತಿ ಚಪ್ಪಟೆಯಾದ ಗಟ್ಟಿ ಅಟ್ಟೆಯೂ ಆಗದು, ಹಿಮ್ಮಡಿ ತುಸು ಎತ್ತರ ಇರಬೇಕು, ಮೆತ್ತಗಿರಬೇಕು, ಅಂಗಾಲಿನ ಕಮಾನಿಗೆ ಆಧಾರ ಬೇಕು, ಮುಂದೆ ಬೆರಳು ಹರಡಿಕೊಳ್ಳಲು ಜಾಗ ಬೇಕು ಎಂದು ಬೈಸಿಕೊಂಡು ಬಂದೆ. ಕೊಲ್ಹಾಪುರಿ ಕಂಡರೆ ನನಗೆ ಈಗಲೂ ಆಸೆ. ಹೆಸರು ಕೊಲ್ಹಾಪುರದ್ದಾದರೂ ನಮ್ಮ ಅಥಣಿ, ನಿಪ್ಪಾಣಿ ಸೀಮೆಯ ಕುಶಲಿಗರದ್ದೂ ಹೌದು ಆ ಕಸುಬು. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಸೇರಿವೆ. ಈಗ ಅದನ್ನು ಮದುವೆ ಮುಂಜಿಗೆ ಎರಡು ಗಂಟೆಯ ಮಟ್ಟಿಗೆ ಹಾಕುತ್ತೇನೆ.

ದಿನನಿತ್ಯಕ್ಕೆ ಕೊಂಡದ್ದು ಬೂದು ಬಣ್ಣದ ಸ್ಪೋರ್ಟ್ಸ್ ಶೂ. ಸೀರೆಯ ಕೆಳಗೆ! ಮೊದಲ ದಿನ ಕಾರಿಡಾರಿನಲ್ಲಿ ನಡೆಯುವಾಗ ಇಡೀ ಕಾಲೇಜು ನನ್ನ ಪಾದವನ್ನೇ ನೋಡುತ್ತಿದೆ ಅನ್ನಿಸಿತು. ಸೀರೆಯನ್ನು ಅರ್ಧ ಇಂಚು ಕೆಳಗಿಳಿಸಿ ಉಟ್ಟು ಮುಚ್ಚಿಕೊಂಡೆ. ನೆರಿಗೆ ಕಾಲಿಗೆ ತೊಡರಿ ಮೆಟ್ಟಿಲಲ್ಲಿ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಮರುದಿನ ಬೇರೆ ದಾರಿ ಹಿಡಿದೆ. ಸೀರೆಯನ್ನು ಒಂದಿಂಚು ಮೇಲಕ್ಕೇ ಉಟ್ಟೆ, ಬೂದು ಬಣ್ಣಕ್ಕೆ ಒಪ್ಪುವ ಉಳ್ಳಾಗಡ್ಡಿ ಸಿಪ್ಪಿ ಬಣ್ಣದ ಹತ್ತಿ ಸೀರೆ ಆರಿಸಿದೆ. ಮುಚ್ಚಿಡುವುದಕ್ಕಿಂತ ಹೊಂದಿಸುವುದು ಸುಲಭ ಎಂದು ಗೊತ್ತಾಯಿತು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಕ್ಲಾಸು ಮುಗಿದ ಮೇಲೆ ಬಂದು, "ಮೇಡಂ, ನಮ್ಮಮ್ಮ ಗಾರ್ಮೆಂಟ್ ಫ್ಯಾಕ್ಟರಿಗೆ ಹೋಗ್ತಾರೆ, ಕಾಲು ನೋವು ಅಂತಾರೆ. ಈ ಶೂ ಎಲ್ಲಿ ತಗೊಂಡ್ರಿ?" ಎಂದು ಕೇಳಿದಳು. ನನ್ನ ಪಾದವನ್ನು ನಿಜಕ್ಕೂ ಗಮನಿಸಿದ್ದವಳು ಅವಳೊಬ್ಬಳೇ ಇರಬೇಕು.

ಅಂಗಡಿಯ ಶೂಗಳು ನಮ್ಮ ಕಾಲಿಗೆ ಯಾಕೆ ಕೂರುವುದಿಲ್ಲ ಎಂಬ ಕುತೂಹಲ ಹುಟ್ಟಿದ್ದು ಆಗ. ನಾವು ಬಳಸುವ ಈ ನಾಲ್ಕು, ಐದು, ಆರು ಎಂಬ ನಂಬರುಗಳು ಇಂಗ್ಲೆಂಡಿನವು. ಒಂದು ನಂಬರಿಗೂ ಇನ್ನೊಂದಕ್ಕೂ ಇರುವ ಅಂತರ ಒಂದು ಇಂಚಿನ ಮೂರನೆಯ ಒಂದು ಭಾಗ. ಹಳೆಯ ಇಂಗ್ಲಿಷರ ಲೆಕ್ಕದಲ್ಲಿ ಅದು ಒಂದು ಬಾರ್ಲಿ ಕಾಳಿನ ಉದ್ದ. ಜೋಳ ತಿಂದು ಬೆಳೆದ ನಮ್ಮ ಕಾಲನ್ನು ಬಾರ್ಲಿ ಕಾಳಿನಿಂದ ಅಳೆಯುತ್ತ ಬಂದಿದ್ದೇವೆ! ಆ ನಂಬರು ಹೇಳುವುದೂ ಉದ್ದವನ್ನು ಮಾತ್ರ. ಅಗಲದ ಸುದ್ದಿ ಅದರಲ್ಲಿಲ್ಲ.

ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಕೊನೆ ಮತ್ತು 2022ರ ಆರಂಭದ ತಿಂಗಳುಗಳಲ್ಲಿ ದೇಶದ 79 ಕಡೆ 1 ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಯಂತ್ರದಿಂದ ಅಳೆದರು. ಭಾರತೀಯರ ಪಾದ ಯುರೋಪಿನವರ, ಅಮೆರಿಕದವರ ಪಾದಕ್ಕಿಂತ ಅಗಲ ಎಂಬುದು ಅದರಲ್ಲಿ ಕಂಡುಬಂತು. ಅದರ ಆಧಾರದ ಮೇಲೆ ನಮ್ಮದೇ ಅಳತೆ ಪದ್ಧತಿಯೊಂದನ್ನು ಸೂಚಿಸಿ, ಭಾರತ ಎಂಬುದರ ಮೊದಲ ಅಕ್ಷರದಿಂದ 'ಭ' ಎಂದು ಹೆಸರಿಟ್ಟರು. ಹೆಣ್ಣುಮಕ್ಕಳ ಪಾದದ ಬೆಳವಣಿಗೆ ಸುಮಾರು 11ನೆಯ ವಯಸ್ಸಿಗೇ ತುತ್ತತುದಿ ಮುಟ್ಟುತ್ತದೆ, ಗಂಡುಮಕ್ಕಳದ್ದು 15, 16ಕ್ಕೆ ಎಂದೂ ಗೊತ್ತಾಯಿತು. ಇದನ್ನು ಓದಿದಾಗ ಅವ್ವನ ಲೆಕ್ಕ ಹಾಕಿದೆ. ಹೆಚ್ಚುಕಡಿಮೆ ಆರನೆಯ ಇಯತ್ತೆಯಲ್ಲಿ ಅವಳ ಪಾದದ ಅಳತೆ ನಿಂತಿರಬೇಕು. ಆಮೇಲಿನ ಅರವತ್ತಕ್ಕೂ ಹೆಚ್ಚು ವರ್ಷ ಅದು ಹೆಚ್ಚೇನೂ ಬದಲಾಗದೆ ಇತ್ತು. ಕೇಳಲು ನಮಗೆ ಸಾಕಷ್ಟು ಸಮಯವಿತ್ತು.

ಸಂಕ್ರಾಂತಿಯ ಮೂರನೆಯ ದಿನ ಗಾಯದ ಕಾಲಿಟ್ಟುಕೊಂಡು ಅಂಗಡಿಗೆ ಬರಲು ಅವ್ವ ಒಪ್ಪಲಿಲ್ಲ. ಹಳೆಯ ಕ್ಯಾಲೆಂಡರಿನ ಡಿಸೆಂಬರ್ ಹಾಳೆಯನ್ನು ಮಗುಚಿ ನೆಲದ ಮೇಲೆ ಹಾಸಿದೆ. ಸಂಜೆಯ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ, ಆಗಲೇ ಅಳತೆ ತೆಗೆಯಬೇಕೆಂದು ಡಾಕ್ಟರ್ ಹೇಳಿದ್ದರು. ಗೋಡೆ ಹಿಡಿದು ಅವ್ವ ಹಾಳೆಯ ಮೇಲೆ ನಿಂತಳು. ನಾನು ಪೆನ್ಸಿಲ್ ಹಿಡಿದು ಅವಳ ಕಾಲ ಬಳಿ ಕೂತೆ.

ಹಬ್ಬ ಹಬ್ಬಕ್ಕೆ ಮುಟ್ಟಿ ನಮಸ್ಕಾರ ಮಾಡಿದ ಪಾದ. ಆ ನಮಸ್ಕಾರದಲ್ಲಿ ನಾನು ಒಮ್ಮೆಯೂ ಅದನ್ನು ನೋಡಿರಲಿಲ್ಲ. ಹಿಮ್ಮಡಿಯ ಬಿರುಕುಗಳಲ್ಲಿ ತೊಳೆದರೂ ಹೋಗದ ಕರಿ ಗೆರೆಗಳು. ಬೆರಳುಗಳು ಒಂದಕ್ಕೊಂದು ತಾಗದೆ, ಬೀಸಣಿಗೆಯಂತೆ ಹರಡಿಕೊಂಡಿದ್ದವು. ಬರಿಗಾಲಿನಲ್ಲಿ ಬೆಳೆದ ಪಾದ ಹಾಗೆ ಹರಡಿಕೊಳ್ಳುತ್ತದಂತೆ. ಕಾಲುಂಗುರದ ಜಾಗದಲ್ಲಿ ಮಾತ್ರ ಎರಡನೆಯ ಬೆರಳು ಸವೆದು ಸಣ್ಣಗಾಗಿತ್ತು. ಪೆನ್ಸಿಲ್ ಸುತ್ತ ಹೋಗುವಾಗ, "ಕಚಗುಳಿ ಆಗ್ತದನವ್ವಾ?" ಎಂದೆ. "ಎಲ್ಲೆ?" ಎಂದಳು ಅವಳು. ಆಮೇಲೆ ಸುಮ್ಮನೆ ಗೆರೆ ಮುಗಿಸಿದೆ.

ಉದ್ದ 23 ಸೆಂಟಿಮೀಟರ್. ಎಂದರೆ ನಂಬರ್ ನಾಲ್ಕು. ಅವಳು ಏಳರಲ್ಲಿ ನಡೆಯುತ್ತಿದ್ದಳು. ಜಾರಿ ಬೀಳದಂತೆ ಹೆಬ್ಬೆರಳಿನಿಂದ ಚಪ್ಪಲಿಯನ್ನು ಹಿಡಿದುಕೊಂಡೇ, ಮೂರು ಬಾರ್ಲಿ ಕಾಳಿನಷ್ಟು ಬೇರೆಯವರ ಜಾಗವನ್ನು ಹಿಂದೆ ಎಳೆದುಕೊಂಡು.

ಆ ಹಾಳೆ ಸುರುಳಿ ಸುತ್ತಿಕೊಂಡು ನಾನೂ ಅತ್ತಿಗೆಯೂ ಹುಬ್ಬಳ್ಳಿಯ ಅಂಗಡಿಗೆ ಹೋದೆವು. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ ಹಾಳೆಯನ್ನು ನೆಲದ ಮೇಲೆ ಬಿಡಿಸಿ, ಮೊಣಕಾಲೂರಿ ಕೂತು, ಒಂದೊಂದೇ ಜೊತೆ ತಂದು ಗೆರೆಯ ಮೇಲಿಟ್ಟು ನೋಡಿದಳು. ನಾಲ್ಕನೆಯ ನಂಬರಿನ ಯಾವ ಲೇಡೀಸ್ ಚಪ್ಪಲಿಯೂ ಆ ಅಗಲಕ್ಕೆ ಸಾಲಲಿಲ್ಲ. "ಉದ್ದ ನಾಕು, ಅಗಲ ಆರು ಐತ್ರಿ ಅಮ್ಮಾರದು. ಭಾಳ ಮಂದಿ ಹೆಣ್ಮಕ್ಕಳದು ಹಿಂಗ ಇರತೈತಿ. ಕಂಪನಿಯವರಿಗೆ ಗೊತ್ತಿಲ್ಲಷ್ಟ" ಎಂದಳು. ಲಕ್ಷ ಪಾದ ಅಳೆದವರು ಕಂಡುಕೊಂಡದ್ದನ್ನು ಈ ಹುಡುಗಿ ಅಂಗಡಿಯ ನೆಲದ ಮೇಲೆ ಕೂತೇ ಕಂಡುಕೊಂಡಿದ್ದಳು. ಬೆರಳಿನ ಮುಂದೆ ಅರ್ಧ ಇಂಚು ಖಾಲಿ ಬಿಡಬೇಕು, ಹಾಕಿಕೊಳ್ಳುವ ಮೊದಲು ಒಳಗೆ ಕೈಯಾಡಿಸಿ ಹರಳು, ಮೊಳೆ ನೋಡಬೇಕು ಎಂದು ಡಾಕ್ಟರರ ಮಾತುಗಳನ್ನೇ ಹೇಳಿದಳು. ಕೊನೆಗೆ ಐದನೆಯ ನಂಬರಿನ, ಪಟ್ಟಿ ಸಡಿಲಿಸಲು ಬರುವಂಥದೊಂದನ್ನು ಹುಡುಕಿಕೊಟ್ಟಳು.

ಬಿಲ್ ಆಗುವವರೆಗೆ ನಾವು ಬೆಂಚಿನ ಮೇಲೆ ಕೂತೆವು. ಅವಳು ನಿಂತೇ ಇದ್ದಳು. ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ದಾಟಿಸುತ್ತ ನಿಲ್ಲುವ ಆ ಭಂಗಿ ನನಗೆ ಚೆನ್ನಾಗಿ ಗೊತ್ತು. "ಕುಂದರ್ರಿ" ಎಂದರೆ ನಕ್ಕು, "ಗಿರಾಕಿ ಇರಬೇಕಾದ್ರ ಕುಂದ್ರಂಗಿಲ್ರೀ" ಎಂದಳು. ಕೇರಳದಲ್ಲಿ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿ, 2018ರಲ್ಲಿ ಕೆಲಸದ ವೇಳೆ ಕೂರಲು ಆಸನ ಕೊಡಬೇಕೆಂಬ ತಿದ್ದುಪಡಿಯನ್ನು ಅಂಗಡಿಗಳ ಕಾನೂನಿಗೆ ತರಿಸಿದರು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ಕೂರುವ ಹಕ್ಕಿಗೂ ಕಾನೂನು ಬೇಕಾಯಿತಲ್ಲ ಎಂದು ಆಗ ಪತ್ರಿಕೆ ಓದಿ ಸೋಜಿಗಪಟ್ಟಿದ್ದೆ. ನೂರಾರು ಜೊತೆ ಮೆತ್ತನೆಯ ಚಪ್ಪಲಿಗಳ ನಡುವೆ ದಿನವಿಡೀ ನಿಂತಿದ್ದ ಆ ಹುಡುಗಿಯನ್ನು ನೋಡಿದ ಮೇಲೆ ಅದರಲ್ಲಿ ಸೋಜಿಗವೇನೂ ಉಳಿಯಲಿಲ್ಲ. ಅವಳ ಕಾಲಲ್ಲಿದ್ದದ್ದು ಅಂಗಡಿಯ ಸಮವಸ್ತ್ರಕ್ಕೆ ಹೊಂದುವ ತೆಳ್ಳನೆಯ ಕರಿ ಬೆಲ್ಲಿ ಶೂ.

ಮನೆಗೆ ಬಂದು ಡಬ್ಬಿ ತೆರೆದೆವು. ಅವ್ವ ಎರಡೂ ಚಪ್ಪಲಿಗಳನ್ನು ಸೀರೆಯ ಗಂಟು ಬಿಚ್ಚಿ ನೋಡುವ ಗಾಂಭೀರ್ಯದಲ್ಲಿ ಕೈಗೆತ್ತಿಕೊಂಡಳು. ಅಟ್ಟೆ ಒತ್ತಿ ನೋಡಿದಳು. ಪಟ್ಟಿಯ ಹೊಲಿಗೆ ಸವರಿದಳು. ಮುಖ ಮಾತ್ರ ಅರಳಲಿಲ್ಲ.

"ಯಾಕವ್ವಾ, ಛಲೋ ಇಲ್ಲೇನು?"

"ಮೆತ್ತಗ ಅದಾವು" ಎಂದಳು. ಸ್ವಲ್ಪ ತಡೆದು, "ಇದರಾಗ ಕರಿದು ಬಿಟ್ಟರ ಬ್ಯಾರೆ ಬಣ್ಣ ಇಲ್ಲೇನು?" ಎಂದು ಕೇಳಿದಳು.

ದೊಡ್ಡಣ್ಣನಿಗೆ ಸಿಟ್ಟು ಬಂತು. "ಕಾಲು ಉಳಿದರ ಸಾಕಾಗೇತಿ, ಈಕಿಗೆ ಬಣ್ಣ ಬೇಕಂತ" ಎಂದ. ನಾನೂ ಅದನ್ನೇ ಅನ್ನಲು ಬಾಯಿ ತೆರೆದವಳು ನನ್ನ ಬೂದು ಶೂ ನೆನಪಾಗಿ ಸುಮ್ಮನಾದೆ. ಅಂಗಡಿಯಲ್ಲಿ ಬೇರೆ ಬಣ್ಣ ಇತ್ತು, ಕಂದು. ಅಷ್ಟೇ. ಮೆತ್ತನೆಯವು ಕರಿ ಮತ್ತು ಕಂದು. ಎದುರು ಗೋಡೆಯ ತುಂಬ ಗುಲಾಬಿ, ಹಸಿರು, ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿದ್ದವೆಲ್ಲ ಕಿರಿದು, ಗಟ್ಟಿ, ಚೂಪು. ಚೆಂದ ಬೇಕಾದರೆ ನೋಯಬೇಕು, ನೋವು ಬೇಡವಾದರೆ ಚೆಂದ ಬಿಡಬೇಕು ಎಂದು ಎರಡು ಗೋಡೆಗಳೂ ಹೇಳುತ್ತಿದ್ದವು. ಎಪ್ಪತ್ನಾಲ್ಕರ ಅವ್ವ ಅದನ್ನು ಒಪ್ಪಿಕೊಂಡಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ತನ್ನ ಅಳತೆಯ ಚಪ್ಪಲಿ ಸಿಕ್ಕಿರುವಾಗ ಅದು ತನ್ನ ಬಣ್ಣದ್ದೂ ಆಗಿರಲಿ ಎನ್ನುವುದು ಹೆಚ್ಚಿನ ಆಸೆಯೇ?

ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ಹೊಲಿಯುವ ಹಿರಿಯರೊಬ್ಬರ ಬಳಿ ಹೋದೆ. ವಿಷಯ ಹೇಳಿದೆ. ಅವರು ಅಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿ, "ತಳಕ್ಕ ಕೈ ಹಚ್ಚೂದು ಬ್ಯಾಡ. ಮೇಲಿನ ಪಟ್ಟಿಗಷ್ಟ ಹೊದಿಕಿ ಹಾಕ್ತೀನಿ. ಒಳಗ ಹೊಲಿಗಿ ಬರಬಾರದು, ಕಾಲಿಗೆ ಒತ್ತತೈತಿ" ಎಂದರು. ಅವರಿಗೂ ಎಲ್ಲ ಗೊತ್ತಿತ್ತು. ತಮ್ಮ ಪೆಟ್ಟಿಗೆ ತಡಕಾಡಿ ಮೂರು ತುಂಡು ರೆಕ್ಸಿನ್ ತೆಗೆದರು: ಬಿಳಿ, ಕೆಂಪು, ಹಸಿರು. ಹಸಿರು ಅಂದರೆ ಥೇಟ್ ಗಿಣಿ ಹಸಿರು, ಯಾರದೋ ಆಟೋ ಸೀಟಿನಿಂದ ಉಳಿದದ್ದು. ಎಂಬತ್ತು ರೂಪಾಯಿ ತೆಗೆದುಕೊಂಡರು.

ಗಾಯ ಮಾಯಲು ಆರು ವಾರ ಹಿಡಿಯಿತು. ಯುಗಾದಿಗೆ ನಾನು ಮತ್ತೆ ಧಾರವಾಡಕ್ಕೆ ಹೋದೆ. ಅವ್ವ ಎಲೆ ಹಸಿರಿನ ಸೀರೆ ಉಟ್ಟು, ಗಿಣಿ ಹಸಿರಿನ ಪಟ್ಟಿಯ ಚಪ್ಪಲಿ ಹಾಕಿ, ಕನ್ನಡಿಯಲ್ಲಿ ಪಾದ ಕಾಣುವಷ್ಟು ಹಿಂದೆ ಸರಿದು ನಿಂತು ನೋಡಿಕೊಂಡಳು. ಎರಡು ಹಸಿರು ಸ್ವಲ್ಪ ಜಗಳವಾಡುತ್ತಿದ್ದವು. ನಾನು ಹೇಳಲಿಲ್ಲ. ಅವಳಿಗೇ ಗೊತ್ತಾಗಿ, "ದಸರಾಕ್ಕ ಕೆಂಪು ಪಟ್ಟಿ ಹಾಕಿಸಬೇಕು" ಎಂದಳು.

ಗುಡಿಗೆ ಹೋದೆವು. ಹೊರಗೆ ಚಪ್ಪಲಿಗಳ ರಾಶಿ. ಅವ್ವ ತನ್ನವನ್ನು ಬಿಚ್ಚಿ, ರಾಶಿಯಲ್ಲಿ ಬಿಡಲು ಮನಸ್ಸಾಗದೆ, ಗೋಡೆಯ ಪಕ್ಕ ಒಂದರ ಪಕ್ಕ ಒಂದು ಇಟ್ಟಳು. ಒಳಗೆ ಮಂಗಳಾರತಿ ನಡೆಯುತ್ತಿತ್ತು. ಎಲ್ಲರೂ ಕೈಮುಗಿದು ದೇವರನ್ನು ನೋಡುತ್ತಿದ್ದರೆ ನಮ್ಮವ್ವ ಎರಡೆರಡು ಸಲ ಬಾಗಿಲ ಕಡೆ ತಿರುಗಿದಳು. ಎಪ್ಪತ್ನಾಲ್ಕು ವರ್ಷದಲ್ಲಿ ಇಂಥ ಚಿಂತೆ ಅವಳಿಗೆ ಬಂದಿರಲಿಲ್ಲ. ಬೇರೆಯವರು ಬಿಟ್ಟ ಏಳನೆಯ ನಂಬರನ್ನು ಯಾರು ಕದಿಯುತ್ತಾರೆ?

ಮೂರನೆಯ ಸಲ ತಿರುಗಿದವಳು ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ನೀ ದೇವರ್ನ ನೋಡಿದಿ ಇಲ್ಲ? ಸಾಕು. ಹೊರಗ ಹೋಗಿ ಚಪ್ಪಲಿ ಹತ್ರ ನಿಂದ್ರ."

ನಾನು ಹೋಗಿ ನಿಂತೆ.